ಜೀವನಾಂಶ: 50 ರೂಪಾಯಿಯಿಂದ ಪಾಲಿನ ಕಡೆಗೆ

ಜೀವನಾಂಶ ಅನ್ನೋ ಪದವನ್ನ ಸ್ವಲ್ಪ ಬಿಡಿಸಿ ನೋಡೋಣ. ಜೀವನ, ಅಂಶ. ಅಂಶ ಅಂದ್ರೆ ಭಾಗ, ಪಾಲು. ಇಂಗ್ಲಿಷಿನವರು ಇದಕ್ಕೆ ಅಲಿಮನಿ ಅಂತಾರೆ. ಅದರ ಲ್ಯಾಟಿನ್ ಮೂಲಕ್ಕೆ ಉಣಿಸು, ಪೋಷಿಸು ಅನ್ನೋ ಅರ್ಥ ಇದೆ. ಒಂದು ಪದ ಪಾಲಿನ ಮಾತಾಡುತ್ತೆ, ಇನ್ನೊಂದು ತುತ್ತಿನ ಮಾತಾಡುತ್ತೆ.

ನಮ್ಮವರು ನಾಲ್ಕು ಜನ ಸೇರಿದ ಕಡೆ ಯಾರದ್ದೋ ಡಿವೋರ್ಸ್ ಸುದ್ದಿ ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತೆ: "ಮದುವೆನೇ ಮುಗಿದ ಮೇಲೆ ದುಡ್ಡು ಯಾಕೆ ಕೊಡಬೇಕು?" ಈ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಆ ಕಥೆ ಗೊತ್ತಿದ್ದರೆ ಇವತ್ತಿನ ಜಗಳಗಳು ಸ್ವಲ್ಪ ಸುಲಭವಾಗಿ ಅರ್ಥ ಆಗುತ್ತವೆ.

ಹಳೇ ಕಾಲದಲ್ಲಿ ನಮ್ಮಲ್ಲಿ ಡಿವೋರ್ಸೇ ಇರಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಶಾಸ್ತ್ರೋಕ್ತ ಮದುವೆ ಮಾಡಿಕೊಂಡ ಮೇಲ್ಜಾತಿಗಳಲ್ಲಿ ಅದು ಇರಲಿಲ್ಲ. ಅಲ್ಲಿ ಗಂಡ ಬಿಟ್ಟ ಹೆಂಗಸಿಗೆ ಹೆಚ್ಚೆಂದರೆ ಅನ್ನ, ಬಟ್ಟೆ, ಇರೋಕೆ ಒಂದು ಮೂಲೆ. ಆದರೆ ಕರ್ನಾಟಕದ ಅನೇಕ ರೈತ ಮತ್ತು ಕಸುಬುದಾರ ಸಮುದಾಯಗಳಲ್ಲಿ ಪಂಚಾಯ್ತಿ ಮುಂದೆ ಮದುವೆ ಮುರಿಯಬಹುದಿತ್ತು. ಉತ್ತರ ಕರ್ನಾಟಕದಲ್ಲಿ ಆ ಬಿಡುಗಡೆ ಪತ್ರಕ್ಕೆ ಸೋಡಚೀಟಿ ಅಂತಿದ್ರು. ಆಮೇಲೆ ಆಕೆ ಉಡಿಕೆ ಅಥವಾ ಕೂಡಾವಳಿ ಮಾಡಿಕೊಂಡು ಇನ್ನೊಬ್ಬನ ಜೊತೆ ಸಂಸಾರ ಹೂಡಬಹುದಿತ್ತು. ಆಗ ದುಡ್ಡು ಹೋಗ್ತಿದ್ದ ದಿಕ್ಕು ನೋಡಿ: ಹಲವು ಕಡೆ ಹೊಸ ಗಂಡನೇ ಹಳೇ ಗಂಡನಿಗೆ ಅವನು ಕೊಟ್ಟಿದ್ದ ತೆರವನ್ನೋ ಮದುವೆ ಖರ್ಚನ್ನೋ ಕಟ್ಟಿಕೊಡಬೇಕಿತ್ತು. ಬಿಟ್ಟು ಹೋಗುವ ಸ್ವಾತಂತ್ರ್ಯ ಆಕೆಗಿತ್ತು, ಆದರೆ ಆ ಮನೆಯಲ್ಲಿ ಆಕೆ ಮಾಡಿದ ದುಡಿಮೆ ಯಾರ ಲೆಕ್ಕಕ್ಕೂ ಬರ್ತಿರಲಿಲ್ಲ.

ಬ್ರಿಟಿಷರು ಈ ವಿಷಯಕ್ಕೆ ಕೈ ಹಾಕಿದ್ದು ಕ್ರಿಮಿನಲ್ ಕಾನೂನಿನ ಮೂಲಕ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನ ಪ್ರಕಾರ, ಹೆಂಡತಿಯನ್ನ ಸಾಕದ ಗಂಡನಿಗೆ ಮ್ಯಾಜಿಸ್ಟ್ರೇಟರು ತಿಂಗಳಿಗೆ ಇಷ್ಟು ಕೊಡು ಅಂತ ಆದೇಶ ಮಾಡಬಹುದಿತ್ತು. ಗರಿಷ್ಠ 50 ರೂಪಾಯಿ. ಇದು ಪೊಲೀಸು, ಕಳ್ಳತನದ ಕಾನೂನಿನ ಪಕ್ಕದಲ್ಲೇ ಕೂತಿದ್ದಕ್ಕೆ ಕಾರಣ ಇದೆ. ಈ ಸಂಹಿತೆಯ 1872ರ ರೂಪವನ್ನ ತಯಾರಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಇದನ್ನ ಅಲೆಮಾರಿತನ ತಡೆಯೋ ಉಪಾಯ ಅಂತಲೇ ವಿವರಿಸಿದ್ದ. ಅಂದ್ರೆ ಹೆಂಗಸರು, ಮಕ್ಕಳು ಬೀದಿಗೆ ಬಿದ್ದು ಸರ್ಕಾರಕ್ಕೆ ತಲೆನೋವಾಗಬಾರದು ಅನ್ನೋದು ಮುಖ್ಯ ಉದ್ದೇಶ. ಈ ಕಾನೂನಿನಲ್ಲಿ ಒಂದು ದೊಡ್ಡ ತೂತೂ ಇತ್ತು: ಅದು ಹೆಂಡತಿಗೆ ಮಾತ್ರ ಅನ್ವಯ ಆಗ್ತಿತ್ತು. ವಿಚ್ಛೇದನ ಕೊಟ್ಟುಬಿಟ್ಟರೆ ಆಕೆ ಹೆಂಡತಿಯಲ್ಲ, ಗಂಡ ಪಾರು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕನ್ನಡ ನಾಡು ಹಂಚಿಹೋಗಿತ್ತಲ್ಲ, ಹಾಗೇ ವಿಚ್ಛೇದನದ ಹಕ್ಕೂ ಬೇರೆ ಬೇರೆ ವರ್ಷಕ್ಕೆ ಬಂತು. ಧಾರವಾಡ, ಬೆಳಗಾವಿ, ಕಾರವಾರ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿಗೆ 1947ರ ಹಿಂದೂ ವಿಚ್ಛೇದನ ಕಾಯ್ದೆ. ಮಂಗಳೂರು, ಬಳ್ಳಾರಿ ಮದರಾಸಿನಲ್ಲಿದ್ದವು. ಅಲ್ಲಿಗೆ 1949ರ ಕಾಯ್ದೆ. ಇಡೀ ದೇಶಕ್ಕೆ ಒಂದೇ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದರ 24ನೇ ಕಲಮು ಕೇಸು ನಡೀತಿರುವಾಗಿನ ಖರ್ಚಿಗೆ, 25ನೇ ಕಲಮು ಶಾಶ್ವತ ಜೀವನಾಂಶಕ್ಕೆ. ಒಟ್ಟಿಗೆ ಒಂದು ಮೊತ್ತ ಕೊಡಬಹುದು, ತಿಂಗಳು ತಿಂಗಳೂ ಕೊಡಬಹುದು. ಪರಿಸ್ಥಿತಿ ಬದಲಾದರೆ ಕೋರ್ಟು ಮೊತ್ತವನ್ನೂ ಬದಲಿಸಬಹುದು. ಇಲ್ಲೊಂದು ಸ್ವಾರಸ್ಯ: ಈ ಕಾಯ್ದೆಯಲ್ಲಿ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು. ಅಮೆರಿಕದ ಅಲಬಾಮಾದಲ್ಲಿ ಅಲಿಮನಿ ಕೊಡೋದು ಗಂಡ ಮಾತ್ರ ಅನ್ನೋ ಕಾನೂನನ್ನ ಅಲ್ಲಿನ ಸುಪ್ರೀಂ ಕೋರ್ಟ್ 'ಆರ್ ವರ್ಸಸ್ ಆರ್' ಕೇಸಿನಲ್ಲಿ ತೆಗೆದುಹಾಕಿದ್ದು 1979ರಲ್ಲಿ.

ಭಾರತದಲ್ಲಿ ಆ ದೊಡ್ಡ ತೂತು ಮುಚ್ಚಿದ್ದು 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆ. ಅದರ 125ನೇ ಕಲಮಿನಲ್ಲಿ ಒಂದು ವಿವರಣೆ ಸೇರಿಸಿದರು: ವಿಚ್ಛೇದನ ಆಗಿ, ಮತ್ತೆ ಮದುವೆಯಾಗದೆ ಇರೋ ಹೆಂಗಸೂ 'ಹೆಂಡತಿ'ಯೇ.

ಆ ವಿವರಣೆಯ ಬಲ ಪರೀಕ್ಷೆಗೆ ಬಂದದ್ದು ಇಂದೋರಿನ ಶಾ ಬಾನೊ ಕೇಸಿನಲ್ಲಿ. 1932ರಲ್ಲಿ ಮದುವೆ, 5 ಮಕ್ಕಳು, 1975ರಲ್ಲಿ ಮನೆಯಿಂದ ಹೊರಗೆ. 1978ರಲ್ಲಿ ಆಕೆ ಕೋರ್ಟಿಗೆ ಹೋಗಿ ಕೇಳಿದ್ದು ತಿಂಗಳಿಗೆ 500 ರೂಪಾಯಿ. ಕಾನೂನಿನ ಗರಿಷ್ಠ ಮಿತಿಯೇ ಅಷ್ಟು. ಅದೇ ವರ್ಷ ವಕೀಲನಾಗಿದ್ದ ಗಂಡ ತಲಾಖ್ ಕೊಟ್ಟ. ಮ್ಯಾಜಿಸ್ಟ್ರೇಟರು ಕೊಡಿಸಿದ್ದು 25 ರೂಪಾಯಿ. ಹೈಕೋರ್ಟು ಅದನ್ನ 179 ರೂಪಾಯಿ 20 ಪೈಸೆಗೆ ಏರಿಸಿತು. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ 5 ನ್ಯಾಯಮೂರ್ತಿಗಳ ಪೀಠ ಆಕೆಯ ಪರವಾಗಿ ತೀರ್ಪು ಕೊಟ್ಟಿತು.

ಮುಂದಿನ ರಾಜಕೀಯ ಗದ್ದಲ ಎಲ್ಲರಿಗೂ ಗೊತ್ತು. 1986ರ ಕಾಯ್ದೆ, ಮುಸ್ಲಿಂ ಮಹಿಳೆಗೆ ಇದ್ದತ್ ಅವಧಿಯೊಳಗೆ, ಅಂದ್ರೆ ಸುಮಾರು 3 ತಿಂಗಳಲ್ಲಿ, ನ್ಯಾಯವಾದ ಏರ್ಪಾಡು ಮಾಡಬೇಕು ಅಂತ ಹೇಳಿತು. 2001ರ ಡೇನಿಯಲ್ ಲತೀಫಿ ತೀರ್ಪು ಅದೇ ವಾಕ್ಯವನ್ನ ಬೇರೆ ರೀತಿ ಓದಿತು: ಕೊಡಬೇಕಾದ ಗಡುವು 3 ತಿಂಗಳು, ಆದರೆ ಏರ್ಪಾಡು ಆಕೆಯ ಮುಂದಿನ ಬದುಕಿಗೆಲ್ಲ ಸಾಕಾಗುವಂತಿರಬೇಕು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿಚ್ಛೇದಿತ ಮುಸ್ಲಿಂ ಮಹಿಳೆ 125ನೇ ಕಲಮಿನ ಕೆಳಗೂ ಕೇಳಬಹುದು ಅಂತ ಸ್ಪಷ್ಟಪಡಿಸಿತು. ಅದೇ ತಿಂಗಳು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಕಲಮಿನ ಸಂಖ್ಯೆ 144.

ಈ ಗದ್ದಲದಲ್ಲಿ ಒಂದು ವಿಷಯ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. 1955ರಲ್ಲಿ ನಿಗದಿಯಾದ ಆ 500 ರೂಪಾಯಿ ಮಿತಿ 2001ರ ತನಕ ಹಾಗೇ ಇತ್ತು. 46 ವರ್ಷದಲ್ಲಿ ಅಕ್ಕಿ, ಬಾಡಿಗೆ, ಸ್ಕೂಲ್ ಫೀಸು ಎಲ್ಲಾ ಏರಿತು. ಧರ್ಮ ಯಾವುದೇ ಇರಲಿ, ಮ್ಯಾಜಿಸ್ಟ್ರೇಟರ ಹತ್ತಿರ ಹೋದ ಬಡ ಹೆಂಗಸಿಗೆ ಹೆಚ್ಚಿನ ಕಡೆ ಸಿಗ್ತಿದ್ದದ್ದು ಆ ಮಿತಿಯೊಳಗೇ. 2020ರ ರಜನೇಶ್ ವರ್ಸಸ್ ನೇಹಾ ತೀರ್ಪು ಇನ್ನೆರಡು ಕೆಲಸ ಮಾಡಿತು. ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನ ಪ್ರಮಾಣಪತ್ರದಲ್ಲಿ ಕೊಡಬೇಕು. ಮತ್ತೆ, ಜೀವನಾಂಶ ಲೆಕ್ಕ ಆಗೋದು ಅರ್ಜಿ ಹಾಕಿದ ದಿನದಿಂದ. ಕೇಸು ಎಷ್ಟು ವರ್ಷ ಎಳೆದರೂ ಕೊಡಬೇಕಾದವನಿಗೆ ಅದರಿಂದ ಲಾಭ ಇಲ್ಲ.

ಇಷ್ಟೆಲ್ಲಾ ಆದರೂ ಭಾರತದ ಕಾನೂನು ಬಹುಮಟ್ಟಿಗೆ ತುತ್ತಿನ ಲೆಕ್ಕದಲ್ಲೇ ಇದೆ. ಆಕೆಗೆ ಎಷ್ಟು ಬೇಕು, ಆತ ಎಷ್ಟು ಕೊಡಬಲ್ಲ, ಇಬ್ಬರೂ ಹೇಗೆ ಬದುಕಿದ್ದರು ಅಂತ ಕೋರ್ಟು ನೋಡುತ್ತೆ. ಮದುವೆಯ ಕಾಲದಲ್ಲಿ ಗಂಡನ ಹೆಸರಿನಲ್ಲಿ ಆದ ಸೈಟು, ಷೇರು ಇಬ್ಬರದ್ದೂ ಅನ್ನೋ ನಿಯಮ ಇಲ್ಲ. ಆದರೆ ಕಾರವಾರ ದಾಟಿ ಗೋವಾಕ್ಕೆ ಹೋದರೆ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಇನ್ನೂ ನಡೀತಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅಲ್ಲಿ ದಂಪತಿಯ ಆಸ್ತಿ ಇಬ್ಬರಿಗೂ ಅರ್ಧರ್ಧ. ಕ್ಯಾಲಿಫೋರ್ನಿಯಾದಲ್ಲೂ ಮದುವೆಯಾದ ಮೇಲಿನ ಗಳಿಕೆ ಇಬ್ಬರದ್ದು. ಸ್ಪೌಸಲ್ ಸಪೋರ್ಟ್ ಅದರಿಂದ ಬೇರೆ ಲೆಕ್ಕ. 10 ವರ್ಷಕ್ಕಿಂತ ಕಡಿಮೆ ಬಾಳಿದ ಮದುವೆಗೆ ಆ ಸಪೋರ್ಟು ಸಾಮಾನ್ಯವಾಗಿ ಅದರ ಅರ್ಧದಷ್ಟು ಕಾಲ. ಇಂಗ್ಲೆಂಡಿನಲ್ಲಿ 2000ದ ವೈಟ್ ವರ್ಸಸ್ ವೈಟ್ ತೀರ್ಪು, ಹೊರಗೆ ದುಡಿದವರಿಗೂ ಮನೆ ನೋಡಿಕೊಂಡವರಿಗೂ ಭೇದ ಮಾಡಬಾರದು ಅಂತ ಹೇಳಿತು.

ಊರಿನಲ್ಲಿ ಮದುವೆಯಾಗಿ ಹೊರದೇಶದಲ್ಲಿ ಬೇರೆಯಾಗುವವರಿಗೆ ಈ ವ್ಯತ್ಯಾಸದ ಬಿಸಿ ನೇರವಾಗಿ ತಟ್ಟುತ್ತೆ. 1991ರಲ್ಲಿ ನರಸಿಂಹ ರಾವ್ ಕೇಸಿನಲ್ಲಿ ಭಾರತದ ಸುಪ್ರೀಂ ಕೋರ್ಟ್, ತಿರುಪತಿಯಲ್ಲಿ ಮದುವೆಯಾದವನು ಅಮೆರಿಕದ ಮಿಸ್ಸೌರಿಯಲ್ಲಿ ತಂದ ವಿಚ್ಛೇದನವನ್ನ ಒಪ್ಪಲಿಲ್ಲ. ಹೆಂಡತಿ ಆ ಕೋರ್ಟಿನ ಅಧಿಕಾರಕ್ಕೆ ಒಪ್ಪಿರಲಿಲ್ಲ, ಮದುವೆಯ ಕಾನೂನಿಗೆ ಆ ಡಿಕ್ರಿ ಹೊಂದುತ್ತಲೂ ಇರಲಿಲ್ಲ. ಹಾಗಾಗಿ ಹೊರದೇಶದಿಂದ ಒಂದು ಕೋರ್ಟಿನ ಕಾಗದ ಬಂದರೆ, ಅದಕ್ಕೆ ಉತ್ತರ ಕೊಡೋ ಮುಂಚೆ ಎರಡೂ ದೇಶದ ವಕೀಲರನ್ನ ಕೇಳೋದು ಒಳ್ಳೇದು.

ಡಿಪೆಂಡೆಂಟ್ ವೀಸಾದಲ್ಲಿ ಬರೋಕೆ ಬೆಂಗಳೂರಿನ ಕೆಲಸ ಬಿಟ್ಟು, ಹತ್ತು ವರ್ಷ ಮಕ್ಕಳನ್ನ ಬೆಳೆಸಿದವರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಆಕೆ ಆ ಹತ್ತು ವರ್ಷ ಮನೆ ನೋಡಿಕೊಂಡಿದ್ದರಿಂದಲೇ ಆತನ ಕೆಲಸ, ಪ್ರಮೋಷನ್ನು ಸುಸೂತ್ರವಾಗಿ ನಡೆದಿರುತ್ತೆ. ಮದುವೆ ಮುಗಿದ ದಿನ ಆತನ ಸಂಬಳ ಆತನ ಜೊತೆ ಹೋಗುತ್ತೆ, ಆಕೆಗೆ ರೆಸ್ಯೂಮೆಯಲ್ಲಿ ಹತ್ತು ವರ್ಷ ಖಾಲಿ. ಮದುವೆ ಮುಗಿದ ಮೇಲೂ ಯಾಕೆ ಕೊಡಬೇಕು ಅನ್ನೋ ಪ್ರಶ್ನೆಗೆ ಆ ಖಾಲಿ ಜಾಗವೇ ಉತ್ತರ. ನಮ್ಮ ಭಾಷೆ ಅದನ್ನ ಅಂಶ ಅಂತ ಮೊದಲಿನಿಂದಲೂ ಕರೀತಾ ಬಂದಿದೆ. ಕಾನೂನು ಆ ಮಾತಿನ ಹತ್ತಿರಕ್ಕೆ ನಿಧಾನವಾಗಿ ಬರ್ತಾ ಇದೆ.