ಸಾಗರ ಬ್ಯಾಕ್ಟೀರಿಯಗಳ ಕಬ್ಬಿಣ ಗಳಿಕೆ

ಕಬ್ಬಿಣದ ಕೊರತೆಯಿರುವ ಕಡಲನೀರಿನಲ್ಲಿ ಬ್ಯಾಕ್ಟೀರಿಯಗಳು ಆ ಲೋಹವನ್ನು ಪಡೆಯುವ ಮತ್ತು ಮಿತವಾಗಿ ಬಳಸುವ ವಿಧಾನಗಳು. ಉಸಿರಾಟ, ದ್ಯುತಿಸಂಶ್ಲೇಷಣೆ, ಸಾರಜನಕ ಸ್ಥಿರೀಕರಣಗಳಿಗೆ ಕಬ್ಬಿಣ ಬೇಕೇಬೇಕು. ಆದರೆ ಆಮ್ಲಜನಕ ಬೆರೆತ, ತುಸು ಕ್ಷಾರೀಯವಾದ ಸಮುದ್ರಜಲದಲ್ಲಿ ಅದು ಫೆರಿಕ್ ರೂಪ ತಾಳಿ ಬಹುಮಟ್ಟಿಗೆ ಕರಗದೆ ಉಳಿಯುತ್ತದೆ; ತೆರೆದ ಸಾಗರದ ಮೇಲ್ಪದರದಲ್ಲಿ ಕರಗಿದ ಕಬ್ಬಿಣ ಸಾಮಾನ್ಯವಾಗಿ ಲೀಟರಿಗೆ 1 ನ್ಯಾನೊಮೋಲ್‌ಗಿಂತ ಕಡಿಮೆ.

ಅನೇಕ ಪ್ರಭೇದಗಳು ಸಿಡೆರೋಫೋರ್ ಎಂಬ ಸಣ್ಣ ಸಾವಯವ ಅಣುಗಳನ್ನು ಸ್ರವಿಸುತ್ತವೆ. ಇವು ಫೆರಿಕ್ ಅಯಾನನ್ನು ಬಿಗಿಯಾಗಿ ಹಿಡಿಯುತ್ತವೆ. ಕೋಶದ ಹೊರಪೊರೆಯ ಗ್ರಾಹಕ ಪ್ರೋಟೀನ್‌ಗಳು ಈ ಸಂಕೀರ್ಣವನ್ನು ಒಳಗೆ ಸೆಳೆದುಕೊಳ್ಳುತ್ತವೆ. ಹ್ಯಾಲೊಮೊನಾಸ್ ಎಂಬ ಬ್ಯಾಕ್ಟೀರಿಯ ತಯಾರಿಸುವ ಅಕ್ವಾಕೆಲಿನ್ ಎಂಬ ಸಿಡೆರೋಫೋರ್‌ಗೆ ಕೊಬ್ಬಿನಾಮ್ಲದ ಬಾಲವಿದೆ. ಕಬ್ಬಿಣ ಹಿಡಿದ ಈ ಅಣು ಬಿಸಿಲಿಗೆ ಒಡೆದಾಗ ಫೆರಿಕ್ ಕಬ್ಬಿಣ ಫೆರಸ್ ರೂಪಕ್ಕೆ ಇಳಿಯುತ್ತದೆಂದು 2001ರಲ್ಲಿ ವರದಿಯಾಯಿತು. ಕೆಲವು ಬ್ಯಾಕ್ಟೀರಿಯಗಳು ಸಿಡೆರೋಫೋರ್‌ಗಳನ್ನು ತಾವು ತಯಾರಿಸದೆ ನೆರೆಯವು ಸ್ರವಿಸಿದ್ದನ್ನೇ ಬಳಸುತ್ತವೆ. ಇನ್ನು ಕೆಲವು ಕಬ್ಬಿಣವುಳ್ಳ ಪ್ರೋಟೀನ್ ಆದ ಫೆರೆಡಾಕ್ಸಿನ್ ಬದಲು ಕಬ್ಬಿಣರಹಿತ ಫ್ಲೇವೊಡಾಕ್ಸಿನ್ ಬಳಸಿ ಬೇಡಿಕೆಯನ್ನೇ ತಗ್ಗಿಸಿಕೊಳ್ಳುತ್ತವೆ.