ಟಂಗ್‌ಸ್ಟನ್ ಗಾಜು ನೀಲಿಯಾದ ಕಥೆ

'ಸ್ಮಾರ್ಟ್ ವಿಂಡೋ' ಅಂತ ಕೇಳಿರುತ್ತೀರಿ. ಒಂದೆರಡು ವೋಲ್ಟ್ ಕೊಟ್ಟರೆ ಕಿಟಕಿಯ ಗಾಜು ನಿಧಾನವಾಗಿ ನೀಲಿಯಾಗುತ್ತೆ, ಧನ ಋಣ ಅದಲುಬದಲು ಮಾಡಿದರೆ ಮತ್ತೆ ತಿಳಿಯಾಗುತ್ತೆ. ಇಂಥ ಬಹುಪಾಲು ಗಾಜುಗಳಲ್ಲಿ ಕೆಲಸ ಮಾಡೋದು ಟಂಗ್‌ಸ್ಟನ್ ಆಕ್ಸೈಡಿನ ತೆಳುಪದರ. ಇದನ್ನು ಕಂಡುಹಿಡಿದವರು ಯಾರು ಅಂತ ಕೇಳಿದರೆ ಮಾತ್ರ ಉತ್ತರ ಅಷ್ಟು ಸಲೀಸಲ್ಲ!

ಈ ಆಕ್ಸೈಡ್ ನೀಲಿಯಾಗುತ್ತೆ ಅನ್ನೋದು ಹಳೇ ಸುದ್ದಿ. 1815ರಲ್ಲೇ ಬರ್ಜೀಲಿಯಸ್ ಹಳದಿ ಪುಡಿಯನ್ನು ಹೈಡ್ರೋಜನ್‌ನಲ್ಲಿ ಕಾಯಿಸಿ ನೀಲಿ ಮಾಡಿದ್ದ. 1930ರಲ್ಲಿ ಕೊಬೊಸೆವ್ ಮತ್ತು ನೆಕ್ರಾಸೊವ್ ವಿದ್ಯುತ್ತಿನಿಂದಲೂ ಅದನ್ನು ನೀಲಿ ಮಾಡಿ ತೋರಿಸಿದರು. ಆದರೆ ಅವೆಲ್ಲ ಪುಡಿಯ ಕಥೆ, ಪದರದ್ದಲ್ಲ.

1953ರ ಜುಲೈ. ಪುಟ್ಟ ದೇಶ ಲಿಕ್ಟೆನ್‌ಸ್ಟೈನ್‌ನ ಬಾಲ್ಜರ್ಸ್ ಕಂಪನಿಯಲ್ಲಿ ಕ್ರೌಸ್ ಎಂಬಾತ, ನಿರ್ವಾತದಲ್ಲಿ ಆವಿಮಾಡಿ ಕೂರಿಸಿದ ಪದರವನ್ನು ತೆಳು ಗಂಧಕಾಮ್ಲದಲ್ಲಿ ಅದ್ದಿ ವಿದ್ಯುತ್ ಹರಿಸಿದ. ಗಾಢ ನೀಲಿ! ಅದನ್ನು ಆತ ಬರೆದಿಟ್ಟದ್ದು ಕಂಪನಿಯ ಒಳಗಿನ ಒಂದು ಟಿಪ್ಪಣಿಯಲ್ಲಿ. ಅಲ್ಲಿಗೆ ಮುಗೀತು. ಹೊರಗಿನವರ ಕಿವಿಗೆ ಅದು ಬಿದ್ದದ್ದು ದಶಕಗಳ ನಂತರ.

ಅಷ್ಟರಲ್ಲಿ ಅಮೆರಿಕದ ಸೈನಮಿಡ್ ಕಂಪನಿಯಲ್ಲಿದ್ದ ಸತ್ಯೇನ್ ದೇಬ್ (ಹೆಸರಿನಲ್ಲೇ ನಮ್ಮ ಕಡೆಯ ಗುರುತಿದೆ ನೋಡಿ) 1969ರಲ್ಲಿ ಒಂದು ಪುಟ್ಟ ಪ್ರಬಂಧ, 1973ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಋಣ ಧ್ರುವದ ಕಡೆಯಿಂದ ನೀಲಿ ಹರಡುವುದನ್ನು ವಿವರಿಸಿ, ಆಕ್ಸಿಜನ್ ಇಲ್ಲದ ಖಾಲಿ ಜಾಗಗಳಲ್ಲಿ ಇಲೆಕ್ಟ್ರಾನ್ ಸಿಕ್ಕಿಬೀಳುತ್ತೆ, ಅದೇ ಬಣ್ಣಕ್ಕೆ ಕಾರಣ ಅಂದರು. ಈ ವಿವರಣೆ ನಿಲ್ಲಲಿಲ್ಲ. ಪದರದಲ್ಲಿ ಸೇರಿಕೊಂಡ ತೇವಾಂಶದ ಪ್ರೋಟಾನುಗಳದ್ದೂ ಪಾತ್ರವಿದೆ ಅಂತ ಆಮೇಲೆ ಗೊತ್ತಾಯಿತು. ಆದರೂ ನನ್ನ ಓಟು ದೇಬ್‌ಗೇ. ಬೀರುವಿನಲ್ಲಿ ಬೀಗ ಹಾಕಿಟ್ಟ ಸರಿ ಪ್ರಯೋಗಕ್ಕಿಂತ, ನಾಲ್ಕು ಜನ ತಿದ್ದಬಹುದಾದ ತಪ್ಪು ವಿವರಣೆಯೇ ಹೆಚ್ಚು ಕೆಲಸ ಮಾಡಿತು.

ತಿದ್ದಿದವರಲ್ಲಿ ಮುಖ್ಯರು ಆರ್‌ಸಿಎ ಪ್ರಯೋಗಾಲಯದ ಫಾನನ್, ಕ್ರ್ಯಾಂಡಲ್ ಮತ್ತು ಹೈಮನ್, 1975ರಲ್ಲಿ. ಇಲ್ಲಿಂದ ಮಜಾ ಶುರು. ತಣ್ಣಗಿನ ಗಾಜಿನ ಮೇಲೆ ಆವಿ ಕೂತಾಗ ಪರಮಾಣುಗಳಿಗೆ ಸಾಲಾಗಿ ನಿಲ್ಲಲು ಪುರುಸೊತ್ತಿರಲ್ಲ. ಪದರ ಹರಳುಗಟ್ಟಲ್ಲ, ಅಸ್ಫಟಿಕವಾಗಿಯೇ ಉಳಿಯುತ್ತೆ. ಒಂದು ಟಂಗ್‌ಸ್ಟನ್, ಸುತ್ತ ಆರು ಆಕ್ಸಿಜನ್. ಇಂಥ ಗೊಂಚಲುಗಳು ಮೂಲೆಗೆ ಮೂಲೆ ತಾಗಿಸಿ ಅಡ್ಡಾದಿಡ್ಡಿ ನಿಂತಿರುತ್ತವೆ, ನಡುವೆ ಬೇಕಾದಷ್ಟು ಸಂದು. ಆ ಸಂದುಗಳಲ್ಲಿ ಪ್ರೋಟಾನ್ ಅಥವಾ ಲಿಥಿಯಂ ಅಯಾನು ನುಸುಳುತ್ತೆ, ಜೊತೆಗೊಂದು ಇಲೆಕ್ಟ್ರಾನ್ ಬಂದು ಯಾವುದೋ ಒಂದು ಟಂಗ್‌ಸ್ಟನ್ ಮೇಲೆ ಕೂರುತ್ತೆ. ಬೆಳಕು ಬಿದ್ದರೆ ಪಕ್ಕದ ಟಂಗ್‌ಸ್ಟನ್‌ಗೆ ಜಿಗಿಯುತ್ತೆ. ಹಾಗೆ ಜಿಗಿಯಲು ಅದು ನುಂಗುವುದು ಹೆಚ್ಚಾಗಿ ಅವಕೆಂಪು ಬೆಳಕು, ಸ್ವಲ್ಪ ಕೆಂಪು. ಉಳಿದು ನಮ್ಮ ಕಣ್ಣಿಗೆ ಬರೋದು ನೀಲಿ.

ಅದೇ ಪದರವನ್ನು ಕಾಯಿಸಿ ಹರಳುಗಟ್ಟಿಸಿದರೆ? ಇಲೆಕ್ಟ್ರಾನುಗಳು ಲೋಹದಲ್ಲಿದ್ದ ಹಾಗೆ ಓಡಾಡಿಕೊಂಡು ಅವಕೆಂಪನ್ನು ನುಂಗುವ ಬದಲು ಪ್ರತಿಫಲಿಸುತ್ತವೆ. 1977ರಲ್ಲಿ ಶಿರ್ಮರ್ ಮತ್ತು ಸಂಗಡಿಗರು ಹರಳುಗಟ್ಟಿದಂತೆ ಬಣ್ಣ ಹೇಗೆ ಬದಲಾಗುತ್ತೆ ಅಂತ ಅಳೆದರು. ವಸ್ತು ಒಂದೇ, ಜೋಡಣೆ ಬೇರೆ, ಬೆಳಕಿನ ಜೊತೆ ವರ್ತನೆಯೇ ಬೇರೆ.

ಎಪ್ಪತ್ತರ ದಶಕದಲ್ಲಿ ಇದನ್ನು ಗಡಿಯಾರದ ಅಂಕಿಗಳಿಗೆ ಬಳಸುವ ಹುಮ್ಮಸ್ಸು ಇತ್ತು. ಎಲ್‌ಸಿಡಿ ಮುಂದೆ ಸೋತಿತು. ಅಯಾನುಗಳು ನಡೆದುಕೊಂಡೇ ಹೋಗಬೇಕಲ್ಲ, ತಡ ಆಗುತ್ತೆ :) ಕಿಟಕಿಗೇನು ಅವಸರ? 80ರ ದಶಕದಲ್ಲಿ ಸ್ವೀಡನ್ನಿನ ಗ್ರಾನ್‌ಕ್ವಿಸ್ಟ್ ಮುಂತಾದವರು ಇದನ್ನು ಗಾಜಿನ ಕಟ್ಟಡಗಳ ಬಿಸಿಲು ತಡೆಯುವ ಕಡೆಗೆ ತಿರುಗಿಸಿದರು. ಬಿಸಿಲಿನ ಶಕ್ತಿಯಲ್ಲಿ ಸರಿಸುಮಾರು ಅರ್ಧ ಅವಕೆಂಪೇ ತಾನೇ?

ವ್ಯಾಪಾರದ ದಾರಿ ಇನ್ನೂ ಸುಗಮವಾಗಿಲ್ಲ. 1989ರಲ್ಲಿ ಶುರುವಾದ ಸೇಜ್ ಕಂಪನಿಯನ್ನು 2012ರಲ್ಲಿ ಸೇಂಟ್ ಗೋಬೇನ್ ಕೊಂಡುಕೊಂಡಿತು. ಕ್ಯಾಲಿಫೋರ್ನಿಯಾದ ವ್ಯೂ ಕಂಪನಿ 2024ರಲ್ಲಿ ದಿವಾಳಿ ಅರ್ಜಿ ಹಾಕಿತು.