ಹರಿಗೋಲಿನಿಂದ ಜುರಾಲದವರೆಗೆ

ತಂಗಡಿಯ ಬಳಿ ತೆಲಂಗಾಣವನ್ನು ಪ್ರವೇಶಿಸುವ ಕೃಷ್ಣೆಯು ಭೀಮೆಯನ್ನು ಕೂಡಿಕೊಂಡು ಮಕ್ತಲ, ಗದ್ವಾಲ ಸೀಮೆಗಳತ್ತ ಹರಿಯುತ್ತಾಳೆ. ನಾರಾಯಣಪೇಟೆ, ಮಕ್ತಲಗಳ ಕನ್ನಡಿಗರಾದ ನಮಗೆ ಈ ಹೊಳೆಯು ಬಹುಕಾಲ ಗಡಿಯಾಗಿರಲಿಲ್ಲ, ದಾರಿಯಾಗಿತ್ತು. ಆ ದಾರಿಯ ವಾಹನವೇ ಹರಿಗೋಲು. ನೆರೆಯ ತೆಲುಗರ ಪುಟ್ಟಿ.

ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಈ ದುಂಡು ದೋಣಿಗೆ ಹಿಂದು ಮುಂದು ಎಂಬುದಿಲ್ಲ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಹರಿಗೋಲುಗಳು 15–20 ಜನರನ್ನು ಹೊರುತ್ತವೆ, ಆದರೆ ನೇರವಾಗಿ ಸಾಗದೆ ಸದಾ ಸುತ್ತುತ್ತಿರುತ್ತವೆ ಎಂದು ಬರೆದಿದ್ದಾನೆ. ನಡುಹೊಳೆಯ ನೀರು ವೇಗವಾಗಿಯೂ ದಡದ ನೀರು ನಿಧಾನವಾಗಿಯೂ ಹರಿಯುವುದರಿಂದ ದೋಣಿಯ ಎರಡು ಮಗ್ಗುಲುಗಳ ಸೆಳೆತ ಸಮವಾಗಿರದು. ಒಂದು ಬದಿಗೆ ಹಾಕಿದ ಹುಟ್ಟೂ ಅದನ್ನು ತಿರುಗಿಸುತ್ತದೆ. ತಿರುಗುವ ದೋಣಿ ತನ್ನ ಸುತ್ತಲಿನ ನೀರನ್ನೂ ಕದಡುತ್ತದೆ. ಅಂಬಿಗನು ಹುಟ್ಟನ್ನು ಎಡಬಲಕ್ಕೆ ಬದಲಿಸುತ್ತ ಈ ಸುತ್ತನ್ನು ಹದದಲ್ಲಿಟ್ಟು ದಡ ಸೇರಿಸುತ್ತಿದ್ದನು.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು; ಅದುವರೆಗೆ ಆ ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ದಾರಿಯಾಗಿದ್ದ ಹೊಳೆ ಕೆಲವೆಡೆ ಗಡಿಯೂ ಆಯಿತು.

ಅದೇ ಹೊಳೆಗೆ ಗದ್ವಾಲದ ಬಳಿ ಜುರಾಲ ಅಣೆಕಟ್ಟು ಬಂದಿತು. ಅಲ್ಲಿ ನೀರಿನ ಎತ್ತರ ಕಡಿಮೆ. ಆದ್ದರಿಂದ ಬಲ್ಬ್ ಟರ್ಬೈನುಗಳನ್ನು ಆರಿಸಲಾಯಿತು. ತಲಾ 39 ಮೆಗಾವ್ಯಾಟ್‌ನ 6 ಯಂತ್ರಗಳು ಒಟ್ಟು 234 ಮೆಗಾವ್ಯಾಟ್ ಸಾಮರ್ಥ್ಯದವು. ಜನರೇಟರನ್ನು ಒಳಗೊಂಡ ಗೂಡನ್ನು ನೀರು ಬಳಸಿ ಹರಿದು, ಮುಂದಿನ ರೆಕ್ಕೆಗಳನ್ನು ತಿರುಗಿಸುತ್ತದೆ.

ಇಂತಹ ಯಂತ್ರಗಳ ಹರಿವನ್ನು ಇಂದು ಗಣಕದಲ್ಲಿ ಲೆಕ್ಕ ಹಾಕುತ್ತಾರೆ. ನೀರನ್ನು ಲಕ್ಷಾಂತರ ಸಣ್ಣ ಕೋಶಗಳ ಬಲೆಯಾಗಿ ವಿಭಾಗಿಸಿ, ರೆಕ್ಕೆಗಳ ಸುತ್ತಲಿನ ಬಲೆಯನ್ನು ಅವುಗಳೊಡನೆಯೇ ತಿರುಗಿಸಿ, ಹೊರಗಿನ ಬಲೆಯನ್ನು ನಿಶ್ಚಲವಾಗಿಡುತ್ತಾರೆ. ಎರಡೂ ತಾಗುವ ಅಂಚಿನಲ್ಲಿ ವೇಗ, ಒತ್ತಡಗಳನ್ನು ಕ್ಷಣಕ್ಷಣವೂ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಹರಿಗೋಲಿನಲ್ಲಿ ಕುಳಿತವನಿಗೆ ದಡವೇ ತಿರುಗುವಂತೆ ಕಾಣುತ್ತದೆ, ದಡದವನಿಗೆ ಹರಿಗೋಲು. ಈ ಎರಡು ನೋಟಗಳನ್ನು ಹೊಂದಿಸುವುದೇ ಆ ಗಣಿತದ ತಿರುಳು.

ಯಂತ್ರದ ಲೆಕ್ಕ ಕಡತಗಳಲ್ಲಿ ಉಳಿಯುತ್ತದೆ. ಅಂಬಿಗನ ಲೆಕ್ಕ ಅವನ ತೋಳಿನಲ್ಲಿತ್ತು. ಸೇತುವೆಗಳು ಬಂದಂತೆ ಹರಿಗೋಲುಗಳು ವಿರಳವಾದವು. ಸುಳಿ, ಸೆಳವು, ಮಡುಗಳನ್ನು ಅವರು ಗುರುತಿಸಿದ ಬಗೆಯನ್ನೂ, ಅದಕ್ಕಿಟ್ಟ ಕನ್ನಡದ ಮಾತುಗಳನ್ನೂ ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಬರೆದಿಡುವುದು ನಮ್ಮ ಕರ್ತವ್ಯವಾಗಿದೆ.